ಹೆರಿಗೆ-ಬಾಣಂತನವನ್ನು ಇದ್ದದ್ದು ಇದ್ದಂತೆ ರಂಗಕ್ಕೆ ತರಬೇಕೆ?

ಪರ: ಸೈಡ್‌ವಿಂಗಿನ ಆಚೆಗೆ ತಳ್ಳಿದ್ದು ಸಾಕು

ನಮ್ಮ ನಾಟಕಗಳಲ್ಲಿ ಹೆರಿಗೆ ಆಗುವುದು ಸೈಡ್‌ವಿಂಗಿನ ಆಚೆ. ಒಂದು ಚೀರಾಟ, ಮಗುವಿನ ಅಳು, ಮುಂದಿನ ದೃಶ್ಯದಲ್ಲಿ ತಾಯಿ ಹೂ ಮುಡಿದು ತೊಟ್ಟಿಲು ತೂಗುತ್ತಿರುತ್ತಾಳೆ. ಚೊಚ್ಚಲ ಹೆರಿಗೆ ಹನ್ನೆರಡು ತಾಸು ದಾಟುವುದು ಸಾಮಾನ್ಯವೆಂದು ಇದನ್ನು ನೋಡಿ ಬೆಳೆದ ಗಂಡಸಿಗೆ ಗೊತ್ತಾಗುವುದಾದರೂ ಹೇಗೆ?

ತಿದ್ದುವುದು ಕಷ್ಟವೇನಲ್ಲ. ನೋವು ಜೋರಾದಾಗ ಎರಡು-ಮೂರು ನಿಮಿಷಕ್ಕೊಮ್ಮೆ ಬರುತ್ತದೆ, 45ರಿಂದ 60 ಸೆಕೆಂಡು ಇರುತ್ತದೆ. ನಟಿ ಅಷ್ಟೂ ಹೊತ್ತು ಅದನ್ನು ಅಭಿನಯಿಸಲಿ, ಬಿಡುವಿನಲ್ಲಿ ನೀರು ಕೇಳಲಿ, ಮಾತಾಡಲಿ. ಮಂಚದ ಮೇಲೆ ಅಂಗಾತ ಬಿದ್ದು ಕಿರುಚುವುದಕ್ಕಿಂತ ಜೊತೆಯವಳ ಹೆಗಲಿಗೆ ಒರಗಿ ಗಂಟಲಾಳದಿಂದ ನರಳುವುದು ನಿಜಕ್ಕೆ ಹತ್ತಿರ. ನಟಿಯ ದನಿಯೂ ಉಳಿಯುತ್ತದೆ. ರಕ್ತಕ್ಕೆ ಬಣ್ಣದ ನೀರು ಬೇಡ, ಕಾಲು ಜಾರುತ್ತದೆ. ಕೆಂಪು ಬಟ್ಟೆ ಸಾಕು.

ಎಲ್ಲರೂ ಎಡವುವುದು ಹೊಟ್ಟೆಯಲ್ಲಿ. ಮಗು ಹುಟ್ಟಿತೆಂದು ಕಟ್ಟಿದ ಹೊಟ್ಟೆಯನ್ನು ಪೂರ್ತಿ ಬಿಚ್ಚಿಬಿಡುತ್ತಾರೆ. ಹೆತ್ತ ಮರುದಿನವೂ ಹೊಟ್ಟೆ ಐದಾರು ತಿಂಗಳ ಬಸುರಿಯದರಂತೆಯೇ ಕಾಣುತ್ತದೆ. ಗರ್ಭಕೋಶ ಮೊದಲಿನಂತಾಗಲು ಸುಮಾರು ಆರು ವಾರ ಬೇಕು. ಚಿಕ್ಕದಾದ ಇನ್ನೊಂದು ಹೊಟ್ಟೆ ಹೊಲಿಸಿಡಿ. ‘ಇನ್ನೂ ಹೊಟ್ಟೆ ಇಳಿದಿಲ್ಲವಾ?’ ಎಂದು ಬಾಣಂತಿಯನ್ನು ಕೇಳುವವರಿಗೆ ಉತ್ತರ ಅಲ್ಲೇ ಸಿಗುತ್ತದೆ.

ಹೊಲಿಗೆಯ ಉರಿ, ಹಾಲು ಕಟ್ಟಿ ಕಲ್ಲಾದ ಎದೆ, ಸುಮ್ಮಸುಮ್ಮನೆ ಉಕ್ಕುವ ಅಳು ಎಲ್ಲವೂ ಕಾಣಲಿ. ಮೂರನೇ-ನಾಲ್ಕನೇ ದಿನದ ಅಳು ಎರಡು ವಾರದೊಳಗೆ ತಾನಾಗಿ ತಗ್ಗುತ್ತದೆ. ತಗ್ಗದೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ ವೈದ್ಯರಿಗೆ ತೋರಿಸಬೇಕು. ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಕರಪತ್ರ ಕೈಯಲ್ಲಿಟ್ಟರೆ ಮಡಚಿ ಜೇಬಿಗೆ ಹಾಕುವ ಗಂಡ, ನಾಟಕವಾದರೆ ಕೊನೇ ತನಕ ಕೂರುತ್ತಾನೆ.

ವಿರೋಧ: ಸತ್ಯಕ್ಕೆ ರಂಗವೇ ಆಗಬೇಕೆಂದಿಲ್ಲ

ಆ ಸಭಾಂಗಣದಲ್ಲಿ ಎಂಟು ತಿಂಗಳ ಬಸುರಿ ಇರಬಹುದು, ಕೂಸನ್ನು ಕಳಕೊಂಡವಳೂ ಇರಬಹುದು. ಪುಸ್ತಕವಾದರೆ ಮುಚ್ಚಿಡಬಹುದು. ಇಲ್ಲಿ ಸಾಲಿನ ನಡುವೆ ಕೂತವಳು ಹತ್ತು ಜನರ ಕಾಲು ದಾಟಿ ಹೋಗಬೇಕು. ಯಾಕೆ ಎದ್ದಳೆಂದು ಇಡೀ ಸಾಲಿಗೆ ತಿಳಿಯುತ್ತದೆ. ಹೊರಗೆ ಅವಳ ಪಕ್ಕ ಕೂರಲು ತಂಡದವರು ಯಾರಿರುತ್ತಾರೆ?

ನಾಟಕಕ್ಕೆ ಸಂಘರ್ಷ ಬೇಕು. ಇಪ್ಪತ್ತು ಹೆಂಗಸರ ಹೆರಿಗೆಯ ಅನುಭವ ಕೇಳಿ ನಾಟಕ ಬರೆದರೂ ದೃಶ್ಯವಾಗುವುದು ರಕ್ತ ನಿಲ್ಲದ ಹೆರಿಗೆ, ಗದರುವ ನರ್ಸು, ನೀರು ಕೊಡದ ಅತ್ತೆ. ಸಲೀಸಾಗಿ ಹೆತ್ತವಳಿಗೆ ದೃಶ್ಯವಿಲ್ಲ. ಬಿಡಿಬಿಡಿಯಾಗಿ ಎಲ್ಲವೂ ನಿಜ, ಒಟ್ಟಿನಲ್ಲಿ ಹೆದರಿಕೆ. ನೋಡಿದ ಚೊಚ್ಚಲ ಬಸುರಿ ‘ಸಿಸೇರಿಯನ್ನೇ ಮಾಡಿಬಿಡಿ’ ಎಂದರೆ ತಪ್ಪು ಅವಳದಲ್ಲ. ರಕ್ತಸ್ರಾವ ತಡೆಯಲು ಮಗು ಹುಟ್ಟಿದ ಕೂಡಲೇ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಹಿಂದಿನ ಸಾಲಿಗೆ ಕಾಣುವುದೇ ಇಲ್ಲ; ಕೆಂಪು ಬಟ್ಟೆ ಕಾಣುತ್ತದೆ.

ಹೆಚ್ಚು ಭಯ ಬಾಣಂತಿ ಸನ್ನಿಯ ದೃಶ್ಯದ್ದು. ಹೆತ್ತ ಎರಡು ವಾರದೊಳಗೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಕಾಯಿಲೆ ಇದು: ನಿದ್ದೆ ಹಾರುತ್ತದೆ, ಮಾತು ತಪ್ಪುತ್ತದೆ, ಮಗುವಿನ ಮೇಲೆಯೇ ಶಂಕೆ ಹುಟ್ಟುತ್ತದೆ. ಅವತ್ತೇ ಆಸ್ಪತ್ರೆಗೆ ಒಯ್ಯಬೇಕು. ಆದರೆ ನಟಿ ಕೂದಲು ಕೆದರಿ ಕಣ್ಣರಳಿಸಿದ ಕ್ಷಣ ನಮ್ಮ ಪ್ರೇಕ್ಷಕರು ‘ಮೈಮೇಲೆ ಬಂತು’ ಎನ್ನುತ್ತಾರೆ. ರಂಗವೂ ಸಿನಿಮಾವೂ ಅದನ್ನೇ ರೂಢಿಸಿವೆ. ತಗ್ಗಿಸಿ ಅಭಿನಯಿಸಿದರೆ ದೂರ ಕೂತವರಿಗೆ ಕಾಯಿಲೆಯೇ ತಿಳಿಯದು.

ಇನ್ನು, ಊರಿನ ಹೆಂಗಸೊಬ್ಬಳು ಹೇಳಿದ ಕಥೆಗೆ ಹೆಸರು ಬದಲಿಸಿದರೂ ಅದು ಯಾರ ಮನೆಯದೆಂದು ಎಲ್ಲರಿಗೂ ಗೊತ್ತು. ಹೇಳಿದವಳು ಸಂಜೆ ಅದೇ ಅತ್ತೆಯ ಅಡುಗೆಮನೆಗೆ ಮರಳಬೇಕು.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಇರುತ್ತದೆ. ಅಲ್ಲಿ ಎಂಟು-ಹತ್ತು ಮಂದಿಯನ್ನು, ಜೊತೆಗೆ ಬಂದ ಗಂಡ-ಅತ್ತೆಯರನ್ನೂ ಕೂರಿಸಿಕೊಂಡು ಅನುಭವಿ ನರ್ಸು ಇದೇ ಸತ್ಯವನ್ನು ಹೇಳಲಿ. ಹೆದರಿದವಳ ಪ್ರಶ್ನೆಗೆ ಅಲ್ಲಿ ಆಗಲೇ ಉತ್ತರವಿರುತ್ತದೆ.