ಮೂಲೆಯಲ್ಲೊಂದು ಪೆನ್ಸಿಲ್ ನಂಬರು

"ಸಾರ್, ಕೆಳಗಡೆ ಯಾರೋ ಪೆನ್ಸಿಲಲ್ಲಿ ಗೀಚಿಬಿಟ್ಟವ್ರೆ. ರಬ್ಬರ್ ಹಾಕಿ ಅಳಿಸ್ಲಾ, ಇಲ್ಲಾ ಅಂಚು ಕತ್ತರಿಸಿಬಿಡ್ಲಾ?"

ಮೈಸೂರಿನ ಪೇಟೆಯಲ್ಲಿ ಫೋಟೊಗೆ ಕಟ್ಟು ಹಾಕುವವರು ಹೀಗೆ ಕೇಳಿದಾಗ ನನ್ನ ಜೀವ ಬಾಯಿಗೆ ಬಂತು. ನಾನು ಒಂದು ತಿಂಗಳ ಪೆನ್ಷನ್ ಸುರಿದಿದ್ದೇ ಆ ಗೀಚಾಟಕ್ಕೆ.

ಇಂಗ್ಲೆಂಡಿನಲ್ಲಿರುವ ಅಕ್ಕನ ಮಗ ಕೊಳವೆಯಲ್ಲಿ ಸುತ್ತಿ ತಂದುಕೊಟ್ಟ ಚಿತ್ರ ಅದು. ಮೋಡದ ನಡುವೆ ವಾಲಿಕೊಂಡು ಹಾರುತ್ತಿರುವ ಸ್ಪಿಟ್‌ಫೈರ್, ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ. ಬಿಳಿ ಅಂಚಿನ ಒಂದು ಮೂಲೆಯಲ್ಲಿ 312/850 ಎಂಬ ನಂಬರು, ಅಂದರೆ 850 ಪ್ರತಿಗಳಲ್ಲಿ 312ನೆಯದು, ಇನ್ನೊಂದು ಕಡೆ ಕಲಾವಿದರ ಸಹಿ, ನಡುವೆ ಯುದ್ಧದಲ್ಲಿ ಆ ವಿಮಾನ ಹಾರಿಸಿದ ಪೈಲಟ್ ಒಬ್ಬರ ಸಹಿ. ಎಲ್ಲ ಪೆನ್ಸಿಲಿನಲ್ಲೇ. ಶಾಯಿ ಬೆಳಕಿಗೆ ಮಾಸುತ್ತದೆ, ಪೆನ್ಸಿಲ್ ಮಾಸುವುದಿಲ್ಲ. 850 ಪ್ರತಿ ತೆಗೆದ ಮೇಲೆ ಮತ್ತೆ ಅಚ್ಚು ಹಾಕುವುದಿಲ್ಲ ಎಂಬುದು ಮಾರುವವರು ಕೊಡುವ ಮಾತು. ಕಲಾವಿದರ ಪಾಲಿಗೆಂದು ಬೇರೆ ತೆಗೆದಿಟ್ಟ ಪ್ರತಿಗಳೂ ಇರುತ್ತವೆ, ಅವಕ್ಕೆ ಬೆಲೆ ಇನ್ನೂ ಜಾಸ್ತಿ.

ಹಿಂದೆ ತಾಮ್ರದ ತಗಡಿನಿಂದ ಚಿತ್ರ ಅಚ್ಚು ಹಾಕುವಾಗ ನಂಬರಿಗೆ ಅರ್ಥವಿತ್ತು. ತಗಡು ಸವೆಯುತ್ತಿತ್ತು, ಮೊದಮೊದಲ ಪ್ರತಿಗಳು ಚೊಕ್ಕವಾಗಿರುತ್ತಿದ್ದವು. ಈಗಿನ ಆಫ್‌ಸೆಟ್ ಯಂತ್ರದ ಅಚ್ಚಿನಲ್ಲಿ ಒಂದನೆಯದಕ್ಕೂ ಎಂಟುನೂರ ಐವತ್ತನೆಯದಕ್ಕೂ ಕೂದಲೆಳೆಯ ವ್ಯತ್ಯಾಸ ಕಾಣುವುದಿಲ್ಲ. ಇದೆಲ್ಲ ಗೊತ್ತಿದ್ದೂ ನನಗೆ ಎರಡಂಕಿಯ ನಂಬರು ಸಿಗಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚು. ಬುದ್ಧಿ ಬೇರೆ, ಆಸೆ ಬೇರೆ, ಅಲ್ವಾ?

ನಮ್ಮ ದೇವರ ಮನೆಯ ಲಕ್ಷ್ಮಿ ಪಟಕ್ಕೆ ಯಾವ ನಂಬರೂ ಇಲ್ಲ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಶುರುಮಾಡಿದ್ದೇ ಮನೆಮನೆಗೂ ಚಿತ್ರ ತಲುಪಲಿ ಎಂದು. ಎಷ್ಟು ಅಚ್ಚಾದರೆ ಅಷ್ಟು ಒಳ್ಳೆಯದು ಎಂಬ ಲೆಕ್ಕ. ನನ್ನದು ಉಲ್ಟಾ. ನನ್ನ ಪಟ ನಿಮ್ಮನೆಯಲ್ಲಿ ಇಲ್ಲದಿದ್ದರೇ ನನಗೆ ಖುಷಿ.

ಈ ಲೆಕ್ಕದಲ್ಲಿ ಮುಜುಗರವೂ ಇದೆ. ಸಹಿ ಹಾಕಿದವರು ತೀರಿಕೊಂಡ ಹಾಗೆ ಸಹಿಗೆ ಬೆಲೆ ಏರುತ್ತದೆ. 1940ರಲ್ಲಿ ಬ್ರಿಟನ್ನಿನ ಆಕಾಶ ಕಾದ ಸುಮಾರು ಮೂರು ಸಾವಿರ ಮಂದಿಯಲ್ಲಿ ಕೊನೆಗೆ ಉಳಿದಿದ್ದ ಪೈಲಟ್ 2025ರ ಮಾರ್ಚಿನಲ್ಲಿ ಹೋದರು. 105 ವರ್ಷ. ಆ ಸುದ್ದಿ ಓದಿದೊಡನೆ ನನ್ನ ಕಣ್ಣು ಗೋಡೆಯ ಕಡೆ ಹೋಯಿತು. ಯಾಕೆ ಹೋಯಿತು ಎಂದು ಹೇಳಲು ನಾಚಿಕೆ.

"ಬಾಂಬು, ಬಂದೂಕು ಮನೆಯಲ್ಲಿ ಯಾಕ್ರೀ?" ಎಂದು ಹೆಂಡತಿ ಕೇಳುತ್ತಲೇ ಇದ್ದಳು. ಅವಳ ಬಾಯಿ ಮುಚ್ಚಿಸಿದ್ದು ಗಂಡಭೇರುಂಡ. ಬ್ರಿಟಿಷ್ ವಾಯುಪಡೆಯಲ್ಲಿ 129ನೇ ಸ್ಕ್ವಾಡ್ರನ್ ಅಂತ ಒಂದು ವಿಮಾನದಳ ಇತ್ತು. 1941ರ ಜೂನಿನಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಮತ್ತೆ ಕಟ್ಟಿದ್ದು. ನಮ್ಮ ಸಂಸ್ಥಾನ ಕೊಟ್ಟ ಹಣಕ್ಕಾಗಿ ಅದಕ್ಕೆ ಮೈಸೂರು ಸ್ಕ್ವಾಡ್ರನ್ ಎಂದೇ ಹೆಸರು. ಅದರ ಲಾಂಛನದಲ್ಲಿ ಎರಡು ತಲೆಯ ನಮ್ಮ ಹಕ್ಕಿ, ಇಲ್ಲಿ ಕೆಂಪು ಬಸ್ಸಿನ ಮೇಲೆ ಇದೆಯಲ್ಲ, ಅದೇ!

"ಹಂಗಾದ್ರೆ ನಮ್ ದುಡ್ಡಲ್ಲೂ ವಿಮಾನ ಹಾರಿದೆ ಅನ್ನಿ" ಎಂದಳು. ನನ್ನ ಚಿತ್ರದ ವಿಮಾನ ಆ ಸ್ಕ್ವಾಡ್ರನ್ನಿನದಲ್ಲ. ಅದನ್ನು ಹೇಳಲು ಹೋಗಲಿಲ್ಲ. ಪಟಕ್ಕೆ ಹಜಾರದಲ್ಲಿ, ನಾಲ್ವಡಿಯವರ ಫೋಟೊ ಪಕ್ಕದಲ್ಲೇ ಜಾಗ ಸಿಕ್ಕಿತು. ಬಿಸಿಲು ಬೀಳದ ಗೋಡೆ.

ಕಳೆದ ಆಯುಧಪೂಜೆಯ ದಿನ ಕತ್ತರಿ, ಈಳಿಗೆಮಣೆ, ಮಿಕ್ಸಿ, ಸ್ಕೂಟರ್ ಎಲ್ಲಕ್ಕೂ ಅರಿಶಿನ ಕುಂಕುಮ ಆಯಿತು. ಆಮೇಲೆ ಅವಳು ಬಟ್ಟಲು ಹಿಡಿದುಕೊಂಡು ಹಜಾರಕ್ಕೆ ಬಂದಳು. ಗಾಜಿನ ಮೇಲೆ ಸರಿಯಾಗಿ 312/850 ಇರುವ ಕಡೆಯೇ ದಪ್ಪಗೆ ಒಂದು ಬೊಟ್ಟು ಇಟ್ಟಳು.

"ಅಯ್ಯೋ, ಅಲ್ಯಾಕೆ?"

"ಗಾಡಿಗೆ ನಂಬರ್ ಇರೋ ಕಡೆ ತಾನೇ ಇಡೋದು?" ಎಂದು ಒಂದು ಹೂ ಸಿಕ್ಕಿಸಿದಳು. ಆಮೇಲೆ ನಿಂಬೆಹಣ್ಣು ಕೈಯಲ್ಲಿ ಹಿಡಿದು ಪಟದ ಕೆಳಗೆಲ್ಲ ಹುಡುಕತೊಡಗಿದಳು.

"ರೀ, ಇದರ ಚಕ್ರ ಎಲ್ಲಿ?"

ಹಾರುವಾಗ ರೆಕ್ಕೆಯೊಳಗೆ ಮಡಚಿಕೊಂಡಿರುತ್ತದೆ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಹಣ್ಣನ್ನು ಪಾನಕಕ್ಕೆ ಹಿಂಡಲು ತೆಗೆದುಕೊಂಡು ಹೋದಳು.