ಸ್ಪಷ್ಟನೆ: ಹಕ್ಕಿಗೂ ಯೋಚಿಸುವ ಮಿದುಳಿದೆ
‘ಹಕ್ಕಿಗಳಿಗೆ ಯೋಚಿಸುವ ಮಿದುಳಿಲ್ಲ, ಇರುವುದೆಲ್ಲ ಹುಟ್ಟುಗುಣದ ಭಾಗ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಇದರ ಬೇರು ಇರುವುದು ನೂರು ವರ್ಷದ ಹಿಂದಿನ ನಕ್ಷೆಯಲ್ಲಿ. ಜರ್ಮನಿಯ ನರವಿಜ್ಞಾನಿ ಲುಡ್ವಿಗ್ ಎಡಿಂಗರ್ ಹಕ್ಕಿಯ ಮುಮ್ಮಿದುಳಿನ ಬಹುಪಾಲನ್ನು ‘ಸ್ಟ್ರಯೇಟಮ್’ (ಹುಟ್ಟುಗುಣದ ನೆಲೆ ಎಂದು ಆಗ ನಂಬಿದ್ದ ಮಿದುಳಿನ ಒಳಭಾಗ) ಎಂದು ಗುರುತಿಸಿದ್ದರು. ಮಡಿಕೆಯಿಲ್ಲದ ನುಣುಪು ಮೇಲ್ಮೈ, ಪದರಗಳ ಬದಲು ಗುಂಪುಗುಂಪಾಗಿ ಕೂತ ನರಕೋಶಗಳು. ಹಾಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

2002ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೆಸರುಗಳನ್ನೇ ತಿದ್ದಿದರು. ಹಕ್ಕಿಯ ಮುಮ್ಮಿದುಳಿನ ಒಂದು ದೊಡ್ಡ ಭಾಗವಾದ ‘ನಿಯೋಸ್ಟ್ರಯೇಟಮ್’ ಈಗ ‘ನಿಡೋಪ್ಯಾಲಿಯಮ್’. ನಮ್ಮ ಯೋಚನೆಯ ನೆಲೆಯಾದ ಮಿದುಳಿನ ಹೊರಪದರ, ಅಂದರೆ ಕಾರ್ಟೆಕ್ಸ್, ಮೂಡುವುದೂ ಮುಮ್ಮಿದುಳಿನ ಮೇಲ್ಭಾಗವಾದ ಪ್ಯಾಲಿಯಮ್‌ನಿಂದಲೇ. ಮಕಾವ್ ಗಿಳಿಯ ಮಿದುಳು ಅಕ್ರೋಟಿನಷ್ಟು, ಮಕಾಕ್ ಕೋತಿಯದು ನಿಂಬೆಹಣ್ಣಿನಷ್ಟು. ಆದರೂ ಮುಮ್ಮಿದುಳಿನಲ್ಲಿ ನರಕೋಶಗಳು ಗಿಳಿಗೇ ಹೆಚ್ಚು!

ಸಂದೇಶದ ಜೊತೆಗಿನ ಚಿತ್ರದಲ್ಲಿ ‘ನಿಯೋಸ್ಟ್ರಯೇಟಮ್’ ಎಂದಿದ್ದರೆ ಅದು ಹಳೆಯ ನಕ್ಷೆ, ದಯವಿಟ್ಟು ಹಂಚಬೇಡಿ.