ಅಮೆರಿಕ ಸಿಗ್ಲಿಲ್ವಾ ಮಾರಾಯ?

ಹೋದ ಸಲ ಊರಿಗೆ ಬಂದಾಗ ಮಂಗಳೂರಿನ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ಮಾವ ಕೇಳಿದರು, "ಅಮೆರಿಕ ಸಿಗ್ಲಿಲ್ವಾ ಮಾರಾಯ? ಕೊರಿಯಾಕ್ಕೆ ಎಂತಕ್ಕೆ ಹೋದದ್ದು?" ನಾನಿರುವುದು ದಕ್ಷಿಣ ಕೊರಿಯಾದ ದೇಜಾನ್‌ನಲ್ಲಿ, ಸಂಶೋಧನೆಯ ಕೆಲಸ. ಮಾವನ ಪ್ರಶ್ನೆಯಲ್ಲಿ ನಿಜವಾದ ಕಾಳಜಿ ಇತ್ತು. ನಮ್ಮ ಕರಾವಳಿಯಲ್ಲಿ ದೊಡ್ಡ ವಿಜ್ಞಾನ ಅಂದರೆ ಇವತ್ತಿಗೂ ಅಮೆರಿಕ, ಅದು ಬಿಟ್ಟರೆ ಜರ್ಮನಿ.

ಆದರೆ ಆ ಲೆಕ್ಕ ಹಳೆಯದಾಯಿತು. ವರ್ಷಕ್ಕೆ ಬರುವ ವಿಜ್ಞಾನ ಪ್ರಬಂಧಗಳ ಸಂಖ್ಯೆಯಲ್ಲಿ ಚೀನಾ ಸುಮಾರು ಹತ್ತು ವರ್ಷಗಳ ಹಿಂದೆಯೇ ಅಮೆರಿಕವನ್ನು ದಾಟಿದೆ. ಕೊರಿಯಾ ತನ್ನ ಜಿಡಿಪಿಯ ಸುಮಾರು ಶೇ. 5ರಷ್ಟನ್ನು ಸಂಶೋಧನೆಗೆ ಹಾಕುತ್ತದೆ. ನಮ್ಮದು 2020-21ರ ಲೆಕ್ಕದಲ್ಲಿ ಶೇ. 0.64.

ಬರೀ ದುಡ್ಡಿನ ವಿಷಯ ಅಂದುಕೊಳ್ಳಬೇಡಿ. 1986ನೇ ಇಸವಿ ನೋಡಿ. ಆ ವರ್ಷ ನಮ್ಮ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ಮಾಡಿದ ಹಳ್ಳಿ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು ನಮ್ಮದೇ ಕಿತ್ತೂರಿನಲ್ಲಿ. 128 ಲೈನು, ಎಸಿ ಬೇಡ, ನಮ್ಮ ಸೆಕೆ, ಧೂಳು ಎಲ್ಲ ತಡೆದುಕೊಳ್ಳುವಂಥದ್ದು. ಅದೇ ವರ್ಷ ಕೊರಿಯಾದವರೂ ತಾವೇ ಮಾಡಿದ ಟಿಡಿಎಕ್ಸ್ ಎಕ್ಸ್‌ಚೇಂಜನ್ನು ತಮ್ಮ ಹಳ್ಳಿಗಾಡಿನಲ್ಲಿ ಶುರು ಮಾಡಿದರು. ಇಬ್ಬರೂ ಒಂದೇ ಗೆರೆಯ ಮೇಲೆ ನಿಂತಿದ್ದೆವು ಅಲ್ವಾ? ಟಿಡಿಎಕ್ಸ್ ಹಿಂದಿದ್ದ ಎಟ್ರಿ ಎಂಬ ಸಂಶೋಧನಾ ಸಂಸ್ಥೆ, ಈಗ ನನ್ನ ಊರಾದ ದೇಜಾನ್‌ನಲ್ಲೇ ಇರುವುದು, ಅಲ್ಲಿಗೆ ನಿಲ್ಲಲಿಲ್ಲ, ಹತ್ತೇ ವರ್ಷದಲ್ಲಿ, 1996ಕ್ಕೆ, ಸಿಡಿಎಂಎ ಎಂಬ ತಂತ್ರಜ್ಞಾನದ ಮೊಬೈಲ್ ಸೇವೆ ಶುರುವಾಗುವಂತೆ ಮಾಡಿತು. ನಮ್ಮಲ್ಲಿ ಮೊಬೈಲ್ ಬಂದಾಗ ಟವರಿನ ಒಳಗಿನ ಸಾಮಾನೆಲ್ಲ ಹೆಚ್ಚಾಗಿ ಹೊರಗಿನದು. ಬಿಎಸ್‌ಎನ್‌ಎಲ್‌ಗೆ ನಮ್ಮದೇ 4ಜಿ ದೇಶದ ತುಂಬ ಬರುವಷ್ಟರಲ್ಲಿ 2025 ಆಗಿತ್ತು. ಬುದ್ಧಿ ಕಡಿಮೆ ಇತ್ತು ಅಂತ ನಾನು ಯಾವತ್ತೂ ಒಪ್ಪುವುದಿಲ್ಲ. ಹಿಡಿದ ಕೆಲಸವನ್ನು ಅವರು ಬಿಡಲಿಲ್ಲ, ನಾವು ನಡುವೆ ಕೈಬಿಟ್ಟೆವು.

ಲ್ಯಾಬಿನ ಒಳಗೂ ಅದೇ ವ್ಯತ್ಯಾಸ. ಇಲ್ಲಿ ನಾನು ಬಳಸುವ ಯಂತ್ರವನ್ನು ನೋಡಿಕೊಳ್ಳುವ ತಂತ್ರಜ್ಞರು ಇಪ್ಪತ್ತು ವರ್ಷದಿಂದ ಅದರ ಜೊತೆಗೇ ಇದ್ದಾರೆ. ಅವರಿಗೆ ಪ್ರೊಫೆಸರ್‌ಗೆ ಕೊಡುವಷ್ಟೇ ಮರ್ಯಾದೆ. ರಾತ್ರಿ ಎರಡು ಗಂಟೆಗೂ ಯಂತ್ರ ನಡೆಯುತ್ತಿರುತ್ತದೆ. ನಾನು ಹಿಂದೆ ಇದ್ದ ಲ್ಯಾಬಿನಲ್ಲಿ ಅಂಥದ್ದೇ ಯಂತ್ರ ಒಂದು ಬಿಡಿಭಾಗಕ್ಕಾಗಿ, ಒಂದು ಸಹಿಗಾಗಿ, ಹನ್ನೊಂದು ತಿಂಗಳು ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಮಲಗಿತ್ತು. ಫೆಲೋಶಿಪ್ ಹಣ ಬಾರದೆ ಗೆಳೆಯನೊಬ್ಬ ಪಿಎಚ್‌ಡಿ ಬಿಟ್ಟ. ಅವನು ನನಗಿಂತ ಚುರುಕು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಕೊರಿಯಾವೇನೂ ಸ್ವರ್ಗ ಅಲ್ಲ. ಕೆಲಸದ ಹೊತ್ತು ಜಾಸ್ತಿ, ಹಿರಿಯರ ಎದುರು ಬಾಯಿ ತೆರೆಯುವುದು ಕಷ್ಟ. 2024ರಲ್ಲಿ ಅಲ್ಲಿಯ ಸರ್ಕಾರವೂ ಸಂಶೋಧನೆಯ ಹಣ ಕಡಿತ ಮಾಡಿತು. ಆದರೆ ಅದಕ್ಕೆ ದೊಡ್ಡ ಗಲಾಟೆಯಾಯಿತು, ಮರುವರ್ಷ ಹಣ ವಾಪಸ್ ಬಂತು. ನಮ್ಮಲ್ಲಿ ಲ್ಯಾಬಿನ ಹಣ ನಿಂತರೆ ಯಾರು ಗಲಾಟೆ ಮಾಡುತ್ತಾರೆ?

ನನ್ನ ತಲೆಯಲ್ಲಿ ಕೊರೆಯುವುದು ಇದು. ಲ್ಯಾಬ್ ಎಲ್ಲಿದೆಯೋ ಅಲ್ಲಿಯ ಕಷ್ಟವೇ ಮೊದಲು ಸಂಶೋಧನೆಯ ವಿಷಯ ಆಗುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಸೈನಿಕರು ಮಲೇರಿಯಾದಿಂದ ಸಾಯುತ್ತಿದ್ದಾಗ ಚೀನಾ 1967ರಲ್ಲಿ ಮದ್ದು ಹುಡುಕಲು ಹೊರಟಿತು. ಆರ್ಟೆಮಿಸಿನಿನ್ ಸಿಕ್ಕಿದ್ದು ಹಾಗೆ, ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂದದ್ದೂ ಅದಕ್ಕೇ. ಮಲೇರಿಯಾ ಅಂದರೆ ಏನು ಅಂತ ಮಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ.

ನಮ್ಮಲ್ಲಿ ಮಣಿಪಾಲದ ವೈದ್ಯಕೀಯ ಕಾಲೇಜು 1953ರಿಂದ ಇದೆ, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು 1960ರಿಂದ. ಓದಿದ ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ, ಅಲ್ಲಿಂದ ನನ್ನ ಹಾಗೆ ಇನ್ನೂ ಆಚೆ. ಹಾಗೆ ಹೋದವರನ್ನು ನಾನು ಬೈಯಲಾರೆ. ಆದರೆ ಮಾವನ ತೋಟ ಇರುವುದು ಸುಳ್ಯದ ಕಡೆ. ಅಡಿಕೆಗೆ ಹಳದಿ ಎಲೆ ರೋಗ. ಅರ್ಧ ತೋಟ ಹೋಗಿದೆ, ಉಳಿದ ಜಾಗಕ್ಕೆ ರಬ್ಬರ್ ಹಾಕಿದ್ದಾರೆ. ಮದುವೆಯ ಮಾರನೇ ದಿನ ತೋಟದಲ್ಲಿ ನಿಂತು ಕೇಳಿದರು, "ನಿಮ್ಮ ಕೊರಿಯಾದವರಿಗೆ ಇದಕ್ಕೊಂದು ಮದ್ದು ಕಂಡುಹಿಡಿಯಲಿಕ್ಕೆ ಆಗುದಿಲ್ವಾ?" ಅವರ್ಯಾಕೆ ಹುಡುಕುತ್ತಾರೆ? ಅಲ್ಲಿ ಅಡಿಕೆ ಮರವೇ ಇಲ್ಲ.

ಹುಡುಕುವವರು ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದಲ್ಲಿದ್ದಾರೆ. 1972ರಲ್ಲಿ ಮಂಗಳ ಎಂಬ ಅಡಿಕೆ ತಳಿ ಕೊಟ್ಟ ಕೇಂದ್ರ ಅದು, ಆ ತಳಿಯ ಬೀಜದ ಮೂಲ ಚೀನಾ. ಈಗ ರೋಗ ತುಂಬಿದ ತೋಟದ ನಡುವೆ ಹಸಿರಾಗಿಯೇ ಉಳಿದ ಮರಗಳನ್ನು ಹುಡುಕಿ, ಅವುಗಳಿಂದ ಸಸಿ ಮಾಡುವ ಕೆಲಸ ಅಲ್ಲಿ ನಡೆದಿದೆ. ಒಂದು ಸಸಿ ಫಸಲು ಕೊಡಲು ಐದಾರು ವರ್ಷ ಬೇಕು, ಅದರ ಮರಿಗೆ ಮತ್ತೆ ಅಷ್ಟೇ. ಮೂರು ವರ್ಷದ ಪ್ರಾಜೆಕ್ಟ್ ಕೊಟ್ಟು ಆಮೇಲೆ ನೋಡೋಣ ಅಂದರೆ ಈ ಕೆಲಸ ಆಗುವುದಿಲ್ಲ. ಇಪ್ಪತ್ತು ವರ್ಷದ ಹಣ, ಇಪ್ಪತ್ತು ವರ್ಷ ಅಲ್ಲೇ ಇರುವ ಜನ, ಎರಡೂ ಬೇಕು.

ಮಾವನ ತೋಟದ ಕೆಳಗಿನ ಸಾಲಿನಲ್ಲಿ ಮೂರು ಮರ ಇನ್ನೂ ಹಸಿರಾಗಿವೆ. ಡಿಸೆಂಬರಿನಲ್ಲಿ ಬಂದಾಗ ಅವುಗಳ ಫೋಟೋ ತೆಗೆದುಕೊಂಡು ಮಾವನನ್ನು ವಿಟ್ಲಕ್ಕೆ ಕರೆದುಕೊಂಡು ಹೋಗುವವನಿದ್ದೇನೆ.